ಒಂಟಿ ಬಾಣ, ಜೋಡಿ ಬಾಣ: ಟರ್ಮಿನಲ್‌ನಿಂದ ಫೈಲಿಗೆ ಬರಹ ಸೇರಿಸುವುದು

(ಅಡಿಕೆ ವಖಾರಿ, ಸಹಕಾರಿ ಸಂಘ, ಶಾಲೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗಾಗಿ ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕೀಬೋರ್ಡಿನಲ್ಲಿ ಕಮಾಂಡಿನ ಹೆಸರನ್ನೂ ಅದರ ಆಯ್ಕೆಗಳನ್ನೂ ಇಂಗ್ಲಿಷಿನಲ್ಲೇ ಒತ್ತಬೇಕು. ನೀವೇ ಇಡುವ ಫೈಲಿನ ಹೆಸರು, ಒಳಗಿನ ಬರಹ ಕನ್ನಡದಲ್ಲೇ ಇರಬಹುದು.)

ಇವತ್ತಿನ ಅಡಿಕೆ ದರವನ್ನು ಒಂದು ಫೈಲಿನ ಕೊನೆಗೆ ಸೇರಿಸಬೇಕು ಅಂತ ಇಟ್ಟುಕೊಳ್ಳಿ. ಎಡಿಟರ್ ತೆರೆದು, ಕೆಳಗೆ ಹೋಗಿ, ಟೈಪ್ ಮಾಡಿ, ಸೇವ್ ಮಾಡಿ ಮುಚ್ಚುವುದು ಒಂದು ದಾರಿ. ಲಿನಕ್ಸಿನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಒತ್ತಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಇಷ್ಟೇ:

ಎಕೋ "ರಾಶಿ 48000" >> ದರ

ಎಕೋ ಕೊಟ್ಟ ಮಾತನ್ನು ತಿರುಗಿ ಹೇಳುವ ಕಮಾಂಡ್. ದರ ಎಂಬ ಫೈಲು ಇದ್ದರೆ ಅದರ ಕೊನೆಗೆ ಒಂದು ಸಾಲು ಸೇರುತ್ತದೆ, ಇಲ್ಲದಿದ್ದರೆ ಹೊಸ ಫೈಲು ಹುಟ್ಟುತ್ತದೆ. (ರಾಶಿ ಎಂಬುದು ಅಡಿಕೆಯ ಒಂದು ಬಗೆ. ಅಂಕಿ ಉದಾಹರಣೆಗೆ ಹಾಕಿದ್ದು, ನಾಳೆ ಇದನ್ನು ಹಿಡಿದುಕೊಂಡು ಮಾರುಕಟ್ಟೆಗೆ ಹೋಗಬೇಡಿ.) ಇದೇ ಸಾಲಿನಲ್ಲಿ ಎರಡು ಬಾಣದ ಬದಲು ಒಂದೇ ಬಾಣ ಬಿದ್ದರೆ ಹಳೆಯದೆಲ್ಲ ಹೋಗಿ ಈ ಒಂದು ಸಾಲು ಮಾತ್ರ ಉಳಿಯುತ್ತದೆ. ಕೇಳುವುದಿಲ್ಲ, ಎಚ್ಚರಿಸುವುದಿಲ್ಲ, ಕಸದ ಬುಟ್ಟಿಗೂ ಹಾಕುವುದಿಲ್ಲ.

ಇಷ್ಟು ನಿಮಗೆ ಗೊತ್ತಿರುವುದೇ. ಇವತ್ತು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಫೈಲನ್ನು ತೆರೆಯುವುದು ಯಾರು, ಯಾವಾಗ? ಎಕೋ ಅಲ್ಲ. ಬಾಣ ಕಂಡ ಕೂಡಲೇ ಶೆಲ್, ಅಂದರೆ ನೀವು ಒತ್ತಿದ ಸಾಲನ್ನು ಓದಿ ಕಮಾಂಡು ಓಡಿಸುವ ಪ್ರೋಗ್ರಾಂ, ತಾನೇ ಫೈಲನ್ನು ತೆರೆಯುತ್ತದೆ. ಒಂಟಿ ಬಾಣವಾದರೆ ಅಲ್ಲೇ ಖಾಲಿ ಮಾಡುತ್ತದೆ. ಜೋಡಿ ಬಾಣವಾದರೆ 'ಬರೆಯುವುದೆಲ್ಲ ಕೊನೆಗೇ ಹೋಗಲಿ' ಎಂಬ ಕಟ್ಟಳೆಯೊಂದಿಗೆ ತೆರೆಯುತ್ತದೆ. ಇದೆಲ್ಲ ಮುಗಿದ ಮೇಲೆ ಕಮಾಂಡ್ ಶುರುವಾಗುವುದು. ತನ್ನ ಮಾತು ಪರದೆಗೆ ಹೋಗುತ್ತಿದೆಯೋ ಫೈಲಿಗೋ ಎಂದು ತಿಳಿಯುವ ಗೋಜಿಗೆ ಎಕೋ ಹೋಗುವುದೂ ಇಲ್ಲ. ಈ ಕ್ರಮವೊಂದು ತಲೆಯಲ್ಲಿ ಕೂತರೆ ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧ ತಾವಾಗಿಯೇ ಅರ್ಥವಾಗುತ್ತವೆ.

ಮೊದಲನೆಯದು ನೋಡಿ. ದರದ ಫೈಲನ್ನು ಅಕಾರಾದಿಯಾಗಿ ಜೋಡಿಸಬೇಕು ಎಂದು ಹೀಗೆ ಬರೆಯುತ್ತಾರೆ:

ಸಾರ್ಟ್ ದರ > ದರ

ಫೈಲು ಖಾಲಿ. ಸಾರ್ಟ್ ಓದಲು ಹೋಗುವ ಮೊದಲೇ ಶೆಲ್ ಅದನ್ನು ಬರಿದು ಮಾಡಿ ಇಟ್ಟಿತ್ತು. ಸಾರ್ಟ್‌ಗೆ ಇದಕ್ಕೆಂದೇ ಆಯ್ಕೆ ಇದೆ, 'ಸಾರ್ಟ್ -ಒ ದರ ದರ' ಎನ್ನಿ. ಅದು ಪೂರ್ತಿ ಓದಿಕೊಂಡ ಮೇಲೆಯೇ ಬರೆಯಲು ತೆರೆಯುತ್ತದೆ. ಬೇರೆ ಕಮಾಂಡುಗಳಾದರೆ ಇನ್ನೊಂದು ಹೆಸರಿಗೆ ಬರೆದು, ಸರಿ ಇದೆ ಎಂದು ನೋಡಿ, ಆಮೇಲೆ ಎಂವಿ ಕಮಾಂಡಿನಿಂದ ಹಳೆಯ ಹೆಸರಿಗೆ ಸರಿಸಿ.

ಎರಡನೆಯದು ಅಂಕಿಯ ಕಾಟ. ಮಳೆ ಲೆಕ್ಕ ಬರೆಯುವಾಗ ಕೊನೆಯ ಅಂಕಿಗೂ ಬಾಣಕ್ಕೂ ನಡುವೆ ಜಾಗ ಬಿಡದೆ ಹೀಗೆ ಒತ್ತಿದರೆ:

ಎಕೋ ಶಿರಸಿ 112>>ಮಳೆ-ಲೆಕ್ಕ

ಪರದೆಯ ಮೇಲೆ 'ಶಿರಸಿ' ಎಂದಷ್ಟೇ ಬರುತ್ತದೆ, ಫೈಲಿಗೆ ಏನೂ ಸೇರುವುದಿಲ್ಲ. ಬಾಣಕ್ಕೆ ಅಂಟಿದ ಅಂಕಿಯನ್ನು ಬ್ಯಾಶ್ ಶೆಲ್ ಮಳೆಯ ಅಳತೆ ಎಂದು ತಿಳಿಯುವುದಿಲ್ಲ, 112ನೇ ನಂಬರಿನ ಹರಿವನ್ನು ಫೈಲಿಗೆ ತಿರುಗಿಸು ಎಂದು ಓದುತ್ತದೆ. 1 ಎಂದರೆ ಮಾಮೂಲಿ ಉತ್ತರ, 2 ಎಂದರೆ ದೋಷದ ಮಾತು, ಹೀಗೆ ಅದರ ಲೆಕ್ಕ. ಬರಹವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಈ ತಾಪತ್ರಯವೇ ಇಲ್ಲ. ತಮಾಷೆ ಏನೆಂದರೆ ೧೧೨ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಇಲ್ಲ, ಶೆಲ್‌ಗೆ ಅದು ಅಂಕಿಯಾಗಿ ಕಾಣುವುದೇ ಇಲ್ಲ. ಹಾಗಂತ ಲೆಕ್ಕದ ಫೈಲಿನಲ್ಲಿ ಕನ್ನಡ ಅಂಕಿ ಬಳಸಬೇಡಿ. ಸಾರ್ಟ್ ಅಂಕಿವಾರು ಜೋಡಿಸುವಾಗ, ಆಕ್ ಎಂಬ ಕಮಾಂಡ್ ಕೂಡಿಸುವಾಗ ಅವನ್ನು ಸೊನ್ನೆ ಎಂದೇ ಹಿಡಿಯುತ್ತವೆ.

ಮೂರನೆಯದು ಸುಡೋ, ಅಂದರೆ ಕಮಾಂಡನ್ನು ಸಿಸ್ಟಮ್ ಅಧಿಕಾರದಲ್ಲಿ ಓಡಿಸುವುದು. ಆಫೀಸಿನ ಪ್ರಿಂಟರಿಗೆ ಒಂದು ಹೆಸರು ಕೊಡಬೇಕು, ಯಂತ್ರಗಳ ವಿಳಾಸಕ್ಕೆ ಹೆಸರು ಬರೆದಿಡುವ ಹೋಸ್ಟ್ಸ್ ಫೈಲಿಗೆ ಒಂದು ಸಾಲು ಸೇರಿಸಬೇಕು:

ಸುಡೋ ಎಕೋ "192.168.1.20 ಪ್ರಿಂಟರ್" >> /ಇಟಿಸಿ/ಹೋಸ್ಟ್ಸ್

ಅನುಮತಿ ಇಲ್ಲ ಎನ್ನುತ್ತದೆ. ಸುಡೋ ಹಾಕಿದ್ದೇನಲ್ಲ ಎಂದು ಎಲ್ಲರಿಗೂ ತಲೆಬಿಸಿ. ಸುಡೋದ ಅಧಿಕಾರ ಸಿಕ್ಕಿದ್ದು ಎಕೋಗೆ, ಫೈಲು ತೆರೆಯಲು ಹೋದದ್ದು ನಿಮ್ಮ ಶೆಲ್. ಅದಕ್ಕೆ ಅಧಿಕಾರ ಇಲ್ಲ. ಹಾಗಾಗಿ ಫೈಲನ್ನು ತಾನೇ ತೆರೆಯುವ ಒಂದು ಕಮಾಂಡಿಗೆ ಸುಡೋ ಕೊಡಬೇಕು:

ಎಕೋ "192.168.1.20 ಪ್ರಿಂಟರ್" | ಸುಡೋ ಟೀ -ಎ /ಇಟಿಸಿ/ಹೋಸ್ಟ್ಸ್

ತೋಟದ ಪೈಪಿಗೆ ಹಾಕುವ ಟೀ ಜಾಯಿಂಟಿನಂತೆಯೇ ಇದೂ: ಒಂದು ಕಡೆಯಿಂದ ಬಂದದ್ದನ್ನು ಪರದೆಗೂ ಫೈಲಿಗೂ ಎರಡು ಕಡೆ ಬಿಡುತ್ತದೆ. -ಎ ಎಂಬ ಆಯ್ಕೆ ಇಲ್ಲಿ ಜೋಡಿ ಬಾಣದ ಕೆಲಸ ಮಾಡುತ್ತದೆ. ಅದನ್ನು ಮರೆತರೆ ಟೀ ಕೂಡ ಫೈಲನ್ನು ಖಾಲಿ ಮಾಡಿಯೇ ಬರೆಯುವುದು, ಅದೂ ಸಿಸ್ಟಮ್ ಅಧಿಕಾರದಲ್ಲಿ. ನನ್ನ ಕೇಳಿದರೆ ಒಂಟಿ ಬಾಣಕ್ಕಿಂತ ಇದು ಹೆಚ್ಚು ಅಪಾಯಕಾರಿ, ಯಾಕೆಂದರೆ ಸಾಲನ್ನು ಓದುವಾಗ ತಪ್ಪು ಕಣ್ಣಿಗೆ ಹೊಡೆಯುವುದಿಲ್ಲ.

ಒಂಟಿ ಬಾಣಕ್ಕಾದರೆ ಬೇಲಿ ಹಾಕಬಹುದು. 'ಸೆಟ್ -ಒ ನೋಕ್ಲಾಬರ್' ಎಂಬ ಸಾಲನ್ನು ಬ್ಯಾಶ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಇಟ್ಟುಬಿಡಿ. ಆಮೇಲೆ ಇರುವ ಫೈಲಿನ ಮೇಲೆ ಒಂಟಿ ಬಾಣ ಬಿದ್ದರೆ ಶೆಲ್ ನಿರಾಕರಿಸುತ್ತದೆ. ಜೋಡಿ ಬಾಣಕ್ಕೆ ಅಡ್ಡಿ ಇಲ್ಲ. ನಿಜಕ್ಕೂ ಅಳಿಸಿ ಬರೆಯಬೇಕೆಂದಾಗ >| ಎಂದು ಹಾಕಿ. ಆದರೆ ಟೀ, ನಕಲು ಮಾಡುವ ಸಿಪಿ, ಎಂವಿಗಳಿಗೆ ಈ ಬೇಲಿ ತಾಗುವುದಿಲ್ಲ, ಅವು ಫೈಲು ತೆರೆಯುವುದು ಶೆಲ್ ಮೂಲಕ ಅಲ್ಲ.

ಇನ್ನು ಎಕೋ. ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ಶೆಲ್ ನಿಮ್ಮ ವಾಕ್ಯವನ್ನು ತನ್ನ ಭಾಷೆ ಎಂದು ಓದುತ್ತದೆ. ನಾಲ್ಕು ಸ್ಪೇಸ್ ಬಿಟ್ಟು ಕಾಲಂ ಮಾಡಿದ್ದರೆ ಒಂದೇ ಸ್ಪೇಸ್ ಉಳಿಯುತ್ತದೆ. ನಕ್ಷತ್ರ ಚಿಹ್ನೆ ಹಾಕಿದ್ದರೆ ಅದರ ಜಾಗದಲ್ಲಿ ಫೋಲ್ಡರಿನ ಎಲ್ಲ ಫೈಲುಗಳ ಹೆಸರು ಬಂದು ಕೂರುತ್ತವೆ. 'ಎಕೋ ಚಾಲಿ & ರಾಶಿ >> ದರ' ಎಂದರೆ ಚಾಲಿ ಎಂಬುದು ಪರದೆಗೆ ಹೋಗಿ, ರಾಶಿ ಎಂಬ ಕಮಾಂಡನ್ನು ಶೆಲ್ ಹುಡುಕತೊಡಗುತ್ತದೆ! ಜೋಡಿ ಉದ್ಧರಣೆಯೊಳಗೂ ಡಾಲರ್ ಚಿಹ್ನೆ ಜೀವಂತ. "ಕಾಳುಮೆಣಸು $7 ಕಿಲೋಗೆ" ಎಂದು ಬರೆದರೆ $7 ಮಾಯ. ರೂಪಾಯಿ ಚಿಹ್ನೆಗೆ ಈ ಕಾಟವಿಲ್ಲ. ಒಂಟಿ ಉದ್ಧರಣೆಯೊಳಗೆ ಬರೆದದ್ದು ಬರೆದ ಹಾಗೇ ಇರುತ್ತದೆ, ಅದನ್ನೇ ರೂಢಿ ಮಾಡಿಕೊಳ್ಳಿ.

ಎಕೋಗೆ ಇನ್ನೊಂದು ಗುಣ, ಊರಿಗೊಂದು ವೇಷ. ಬ್ಯಾಶ್‌ನಲ್ಲಿ 'ಎಕೋ -ಇ' ಎಂದರೆ \ಎನ್ ಎಂಬುದು ಹೊಸ ಸಾಲಾಗುತ್ತದೆ. ಉಬುಂಟುವಿನಲ್ಲಿ ಎಸ್‌ಎಚ್ ಎಂದು ಕರೆದಾಗ ಬರುವ ಡ್ಯಾಶ್ ಶೆಲ್‌ನಲ್ಲಿ -ಇ ಎಂಬ ಅಕ್ಷರವೇ ನಿಮ್ಮ ಫೈಲಿಗೆ ಬಂದು ಬೀಳುತ್ತದೆ. ಸ್ಕ್ರಿಪ್ಟ್ (ಕಮಾಂಡುಗಳನ್ನು ಬರೆದಿಟ್ಟ ಫೈಲು) ಬರೆಯುವವರು ಪ್ರಿಂಟ್‌ಎಫ್ ಬಳಸಿ:

ಪ್ರಿಂಟ್‌ಎಫ್ '%ಎಸ್\ಎನ್' 'ಬೆಟ್ಟೆ, ತೇವಾಂಶ 12%' >> ದರ

ಮೊದಲ ಭಾಗ ಅಚ್ಚು, ಎರಡನೆಯದು ಸರಕು. ಎರಡನ್ನೂ ಬೇರೆ ಬೇರೆ ಇಡುವುದು ಯಾಕೆಂದರೆ ಅಚ್ಚಿನೊಳಗೆ ಶೇಕಡಾ ಚಿಹ್ನೆಗೆ ವಿಶೇಷ ಅರ್ಥವಿದೆ. ತೇವಾಂಶದ ಸಾಲನ್ನು ನೇರವಾಗಿ ಅಚ್ಚಿನ ಜಾಗದಲ್ಲೇ ಕೊಟ್ಟರೆ ಪ್ರಿಂಟ್‌ಎಫ್ ತಕರಾರು ತೆಗೆಯುತ್ತದೆ. ಪ್ರಿಂಟ್‌ಎಫ್ ತಾನಾಗಿ ಹೊಸ ಸಾಲು ಹಾಕುವುದಿಲ್ಲ ಎಂಬುದೂ ನೆನಪಿರಲಿ, \ಎನ್ ನೀವೇ ಕೊಡಬೇಕು.

ಹತ್ತಾರು ಸಾಲು ಸೇರಿಸಬೇಕಾದರೆ? ಕ್ಯಾಟ್ ಇದೆ, ಬಂದದ್ದನ್ನು ಹಾಗೇ ಮುಂದೆ ಬಿಡುವ ಕಮಾಂಡ್. 'ಕ್ಯಾಟ್ >> ದರ' ಎಂದು ಎಂಟರ್ ಒತ್ತಿ, ಸಾಲು ಸಾಲಾಗಿ ಟೈಪ್ ಮಾಡಿ, ಹೊಸ ಸಾಲಿನ ಶುರುವಿನಲ್ಲಿ ಕಂಟ್ರೋಲ್-ಡಿ ಒತ್ತಿ ಮುಗಿಸಿ. ಸಾಲಿನ ನಡುವೆ ಒತ್ತಿದರೆ ಆ ಅರ್ಧ ಸಾಲು ಫೈಲಿಗೆ ಹೋಗುತ್ತದೆ, ಕ್ಯಾಟ್ ಮುಗಿಯುವುದಿಲ್ಲ, ಇನ್ನೊಮ್ಮೆ ಒತ್ತಬೇಕು. ಕಂಟ್ರೋಲ್-ಸಿ ಒತ್ತಿದರೆ ಎಲ್ಲ ರದ್ದಾಯಿತು ಎಂದು ತಿಳಿಯಬೇಡಿ. ಅಲ್ಲಿಯವರೆಗೆ ಎಂಟರ್ ಒತ್ತಿದ ಸಾಲುಗಳು ಆಗಲೇ ಫೈಲಿನಲ್ಲಿ ಇವೆ. ಮತ್ತು ಎಂಟರ್ ಒತ್ತಿದ ಸಾಲಿಗೆ ಮರಳಿ ಹೋಗಿ ತಿದ್ದಲು ಬರುವುದಿಲ್ಲ.

ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಹಿಯರ್-ಡಾಕ್ಯುಮೆಂಟ್ ಎಂಬ ವಿಧಾನ ಇದೆ. 1979ರ ಬೋರ್ನ್ ಶೆಲ್ ಕಾಲದಿಂದ ಬಂದದ್ದು, ಇಂದಿಗೂ ಅದೇ ರೂಪ:

ಕ್ಯಾಟ್ >> ಸೂಚನೆ << 'ಮುಗಿಯಿತು'
ಜೂನ್ 1ರಿಂದ ಜುಲೈ 31ರವರೆಗೆ, 61 ದಿನ,
ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ.
ಮುಗಿಯಿತು

ಇಲ್ಲಿ 'ಮುಗಿಯಿತು' ಎಂಬುದು ಕೊನೆಯ ಗುರುತು. ಯಾವ ಪದವನ್ನಾದರೂ ಇಡಬಹುದು, ಕನ್ನಡವೂ ಆದೀತು. ಮೊದಲ ಸಾಲಿನಲ್ಲಿ ಗುರುತಿಗೆ ಉದ್ಧರಣೆ ಹಾಕಿದ್ದರಿಂದ ಒಳಗಿನ ಡಾಲರ್ ಮುಂತಾದವು ಇದ್ದ ಹಾಗೇ ಇರುತ್ತವೆ. ಉದ್ಧರಣೆ ತೆಗೆದರೆ ಶೆಲ್ ಅವನ್ನು ಬಿಡಿಸಿ ಬರೆಯುತ್ತದೆ. ಇವತ್ತಿನ ತಾರೀಕು ತುಂಬಬೇಕಾದಾಗ ಅದು ಬೇಕೂ ಬೇಕು. ಕೊನೆಯ ಗುರುತು ಸಾಲಿನಲ್ಲಿ ಒಂದೇ ಇರಬೇಕು, ಮುಂದೆ ಹಿಂದೆ ಸ್ಪೇಸ್ ಇರಕೂಡದು. ಒಂದು ಸ್ಪೇಸ್ ಅಂಟಿಕೊಂಡಿದ್ದರೂ ಶೆಲ್‌ಗೆ ಅದು ಗುರುತಲ್ಲ, ಸ್ಕ್ರಿಪ್ಟಿನ ಉಳಿದ ಸಾಲುಗಳನ್ನೆಲ್ಲ ಸೂಚನೆ ಫೈಲಿಗೆ ಸುರಿದುಬಿಡುತ್ತದೆ. <<- ಎಂದು ಬರೆದರೆ ಸಾಲಿನ ಮುಂದಿನ ಟ್ಯಾಬ್‌ಗಳನ್ನು ತೆಗೆಯುತ್ತದೆ, ಆದರೆ ಟ್ಯಾಬ್ ಮಾತ್ರ. ಟ್ಯಾಬ್ ಒತ್ತಿದರೆ ಸ್ಪೇಸ್ ಹಾಕುವ ಎಡಿಟರ್‌ಗಳು ಇಲ್ಲಿ ಕೈಕೊಡುತ್ತವೆ.

ಈಗ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆಗೆ ಬರೋಣ. ಫೈಲಿನ ಕೊನೆಯಲ್ಲಿ 'ಚಾಲಿ 39000' ಎಂದಿದೆ. ನೀವು 'ರಾಶಿ 48000' ಸೇರಿಸಿದಿರಿ. ತೆರೆದು ನೋಡಿದರೆ 'ಚಾಲಿ 39000ರಾಶಿ 48000' ಎಂದು ಒಂದೇ ಸಾಲು. ಜೋಡಿ ಬಾಣ ಹೊಸ ಸಾಲಿಗೆ ಸೇರಿಸುವುದಿಲ್ಲ, ಫೈಲಿನ ಕೊನೆಯ ಬೈಟಿನ ಪಕ್ಕಕ್ಕೆ ಸೇರಿಸುತ್ತದೆ. ಹಿಂದೆ ಬರೆದವರು ಕೊನೆಯ ಸಾಲಿನ ನಂತರ ಎಂಟರ್ ಒತ್ತದೆ ಸೇವ್ ಮಾಡಿದ್ದರೆ ಹೀಗಾಗುತ್ತದೆ. ವಿಂಡೋಸಿನ ನೋಟ್‌ಪ್ಯಾಡ್‌ನಿಂದ ಬಂದ ಫೈಲುಗಳಲ್ಲಿ ಇದು ಮಾಮೂಲು. ಸಾಲು ಎಣಿಸುವ ಡಬ್ಲ್ಯೂಸಿ -ಎಲ್ ಕೊಡುವ ಲೆಕ್ಕ ನಿಮ್ಮ ಕಣ್ಣಿನ ಲೆಕ್ಕಕ್ಕಿಂತ ಒಂದು ಕಡಿಮೆ ಬಂದರೆ ಇದೇ ಕಾರಣ, ಅದು ಎಣಿಸುವುದು ಸಾಲಿನ ಕೊನೆಯ ಗುರುತುಗಳನ್ನು. ಸ್ಕ್ರಿಪ್ಟ್‌ನಲ್ಲಿ ಸೇರಿಸುವ ಮೊದಲು ಈ ಒಂದು ಸಾಲು ಇಟ್ಟರೆ ನಿಶ್ಚಿಂತೆ:

[ -ಎನ್ "$(ಟೇಲ್ -ಸಿ1 ದರ)" ] && ಎಕೋ >> ದರ

ಟೇಲ್ ಕೊನೆಯ ಒಂದು ಬೈಟನ್ನು ತರುತ್ತದೆ. ಅದು ಹೊಸ ಸಾಲಿನ ಗುರುತೇ ಆಗಿದ್ದರೆ $( ) ಅದನ್ನು ಉದುರಿಸಿ ಖಾಲಿ ಕೊಡುತ್ತದೆ, ಏನೂ ಆಗುವುದಿಲ್ಲ. ಬೇರೆ ಏನಾದರೂ ಆಗಿದ್ದರೆ ಎಕೋ ಒಂದು ಹೊಸ ಸಾಲನ್ನು ಹಾಕುತ್ತದೆ.

ಬೈಟ್ ಎಂದೆನಲ್ಲ, ಕನ್ನಡದ ಮಾತು ಇಲ್ಲಿ ಆಡಿಬಿಡಬೇಕು. ಯುನಿಕೋಡ್ ಸಂಕೇತಗಳನ್ನು ಬೈಟಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. 'ಶಿರಸಿ' ಎಂದರೆ ಶ, ಗುಡಿಸು, ರ, ಸ, ಗುಡಿಸು, ಒಟ್ಟು ಐದು ಸಂಕೇತ, 15 ಬೈಟು. ಎಕೋ ಸೇರಿಸುವ ಹೊಸ ಸಾಲೂ ಸೇರಿ ಬೈಟು ಎಣಿಸುವ ಡಬ್ಲ್ಯೂಸಿ -ಸಿ 16 ತೋರಿಸುತ್ತದೆ, ಸಂಕೇತ ಎಣಿಸುವ ಡಬ್ಲ್ಯೂಸಿ -ಎಂ 6. ಫೈಲಿನ ಹೆಸರಿಗೆ ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ 255 ಬೈಟಿನ ಮಿತಿ ಇರುವುದರಿಂದ ಕನ್ನಡದಲ್ಲಿ ಹೆಸರು 85 ಸಂಕೇತಕ್ಕೆ ನಿಲ್ಲುತ್ತದೆ. ಟೆಂಡರ್ ನೋಟಿಸಿನ ತಲೆಬರಹವನ್ನೇ ಹೆಸರಾಗಿ ಇಡುವವರಿಗೆ ಇದು ಸಾಲದು.

ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ, ಒಂದರ ಮೇಲೊಂದು ಹತ್ತಿದಂತೆ ಕಾಣುತ್ತವೆ. ಗಾಬರಿ ಬೇಡ, ಕೆಟ್ಟಿರುವುದು ತೋರಿಸುವ ರೀತಿ ಮಾತ್ರ. ಅದೇ ಫೈಲನ್ನು ಸಾದಾ ಎಡಿಟರ್‌ನಲ್ಲಿ ತೆರೆದರೆ ಸರಿಯಾಗಿ ಇರುತ್ತದೆ. ನಿಜವಾಗಿ ಕೆಡುವುದು ಹಳೆಯ ನುಡಿ ಫಾಂಟಿನ ಫೈಲಿಗೆ ಯುನಿಕೋಡ್ ಸಾಲು ಸೇರಿಸಿದಾಗ. ಆ ಹಳೆಯ ಫೈಲಿನಲ್ಲಿ ಇರುವುದು ಕನ್ನಡದ ಸಂಕೇತಗಳಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರಿಸಿದ ಫಾಂಟ್ ಅದು, ಟರ್ಮಿನಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು. ಸಂಕೇತ ಪದ್ಧತಿ ಬದಲಿಸುವ ಐಕಾನ್ವ್ ಕಮಾಂಡಿಗೂ ಅದು ಬಗ್ಗುವುದಿಲ್ಲ. ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೆಯೇ ಸೇರಿಸಲು ಶುರು ಮಾಡಿ.

ಒಂದೇ ಸಾಲು ಎರಡೆರಡು ಸಲ ಸೇರುವುದನ್ನು ತಡೆಯಲು ಮೊದಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸಬೇಕು:

ಗ್ರೆಪ್ -ಕ್ಯೂಎಕ್ಸ್‌ಎಫ್ 'ಕೆಂಪುಗೋಟು' ಪಟ್ಟಿ || ಎಕೋ 'ಕೆಂಪುಗೋಟು' >> ಪಟ್ಟಿ

ಕ್ಯೂ ಎಂದರೆ ಮಾತಾಡಬೇಡ, ಎಕ್ಸ್ ಎಂದರೆ ಇಡೀ ಸಾಲು ಹೊಂದಬೇಕು, ಎಫ್ ಎಂದರೆ ಚುಕ್ಕಿ ನಕ್ಷತ್ರಗಳಿಗೆ ವಿಶೇಷ ಅರ್ಥ ಬೇಡ. ಎಕ್ಸ್ ಬಿಟ್ಟರೆ 'ಬೆಟ್ಟೆ' ಹುಡುಕಿದಾಗ 'ತಟ್ಟಿಬೆಟ್ಟೆ' ಸಿಕ್ಕಿ, ಇದೆ ಎಂದುಬಿಡುತ್ತದೆ. ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 'ಬ್ಯಾಂಕ್‌ನಲ್ಲಿ' ಎಂಬಂಥ ಪದದಲ್ಲಿ ಕಕಾರದ ಕೆಳಗೆ ನಕಾರ ಒತ್ತಾಗದಂತೆ ನಡುವೆ ಕಾಣದ ಒಂದು ಸಂಕೇತ ಕೂರುತ್ತದೆ, ಅದಕ್ಕೂ ಮೂರು ಬೈಟು. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ವ್ಯತ್ಯಾಸವಿಲ್ಲ, ಗ್ರೆಪ್‌ಗೆ ಮಾತ್ರ ಎರಡೂ ಬೇರೆ. 'ರಾಶಿ ಕ್ವಿಂಟಲ್' ಎಂಬ ಸಾಲು ಪಟ್ಟಿಯಲ್ಲಿ ಎರಡು ಸಲ ಇದೆ, ಗ್ರೆಪ್ ಕೆಟ್ಟಿದೆ ಎನ್ನುವವರು ಒಮ್ಮೆ 'ಒಡಿ -ಸಿ' ಹಾಕಿ ಬೈಟುಗಳನ್ನು ನೋಡಿ. ಹಿಯರ್-ಡಾಕ್ಯುಮೆಂಟಿನ ಕೊನೆಯ ಗುರುತಿಗೂ ಅರ್ಧಾಕ್ಷರದಲ್ಲಿ ಮುಗಿಯುವ ಪದ ಬೇಡ, ಇದೇ ಕಾರಣಕ್ಕೆ.

ಮೊದಲ ಸಾಲಾಗಿ ಅಥವಾ ನಡುವೆ ಸೇರಿಸಲು ಬಾಣ ಇಲ್ಲ. ಡಿಸ್ಕಿನಲ್ಲಿ ಇರುವ ಫೈಲನ್ನು ಮುಂದಕ್ಕೆ ತಳ್ಳಿ ಜಾಗ ಮಾಡಲು ಬರುವುದಿಲ್ಲ, ಹೊಸದಾಗಿ ಬರೆಯಬೇಕು. ಸೆಡ್ ಆ ಕೆಲಸ ಮಾಡುತ್ತದೆ. 'ಸೆಡ್ -ಐ.ಬಾಕ್ "1ಐ ದಿನಾಂಕ ತಳಿ ದರ" ದರ' ಎಂದರೆ ಮೊದಲ ಸಾಲಿನ ಮೇಲೆ ತಲೆಬರಹ ಬರುತ್ತದೆ, ಹಳೆಯದು .ಬಾಕ್ ಹೆಸರಲ್ಲಿ ಉಳಿಯುತ್ತದೆ. ಪೂರ್ತಿ ಖಾಲಿ ಫೈಲಿನಲ್ಲಿ ಇದು ಏನೂ ಮಾಡದು, ಮೊದಲ ಸಾಲೇ ಇಲ್ಲವಲ್ಲ. ಇದು ಲಿನಕ್ಸಿನ ಗ್ನೂ ಸೆಡ್ ರೀತಿ, ಮ್ಯಾಕ್‌ನಲ್ಲಿ ವ್ಯಾಕರಣ ಸ್ವಲ್ಪ ಬೇರೆ. ಇನ್ನೊಂದು ಫೈಲನ್ನು ತೋರಿಸುವ ಸಿಂಬಾಲಿಕ್ ಲಿಂಕ್ ಮೇಲೆ ಓಡಿಸಿದರೆ ಲಿಂಕ್ ಮುರಿದು ಆ ಜಾಗದಲ್ಲಿ ಸ್ವತಂತ್ರ ಫೈಲು ಬಂದಿರುತ್ತದೆ. ಒಳಗೊಳಗೆ ನಡೆಯುವುದು ಹೊಸ ಫೈಲು ಬರೆದು ಹಳೆಯ ಹೆಸರು ಕೊಡುವುದೇ.

ತಾನಾಗಿ ನಡೆಯುವ ಕೆಲಸಕ್ಕೆ ಬನ್ನಿ. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ಕ್ಕೆ. ಮಳೆಮಾಪಕದಿಂದ ಓದುವ ಸ್ಕ್ರಿಪ್ಟನ್ನು ಹೇಳಿದ ಹೊತ್ತಿಗೆ ಕಮಾಂಡು ಓಡಿಸುವ ಕ್ರಾನ್‌ಗೆ ಹಾಕುವುದಾದರೆ:

30 8 * * * /ಹೋಮ್/ಕಚೇರಿ/ಮಳೆ-ಓದು >> /ಹೋಮ್/ಕಚೇರಿ/ಮಳೆ-ಲೆಕ್ಕ 2>> /ಹೋಮ್/ಕಚೇರಿ/ಮಳೆ-ದೂರು

ಮೊದಲ ಭಾಗ ದಿನಾ ಬೆಳಿಗ್ಗೆ 8.30ಕ್ಕೆ ಎಂದು. ದೋಷದ ಮಾತುಗಳನ್ನು ಬೇರೆ ಫೈಲಿಗೆ ಕಳಿಸಿದ್ದು ಬೇಕೆಂದೇ. ಎರಡನ್ನೂ ಒಂದೇ ಫೈಲಿಗೆ ಹಾಕುವ ರೂಢಿ ಲಾಗ್‌ಗೆ ಸರಿ, ಲೆಕ್ಕದ ಪುಸ್ತಕಕ್ಕೆ ಸರಿಯಲ್ಲ. ಒಂದೇ ಕಡೆ ಬೇಕೆಂದರೆ '>> ಲಾಗ್ 2>&1' ಎಂಬ ಕ್ರಮದಲ್ಲೇ ಬರೆಯಿರಿ. ಶೆಲ್ ಎಡದಿಂದ ಬಲಕ್ಕೆ ತಿರುಗಿಸುತ್ತಾ ಹೋಗುತ್ತದೆ, ತಿರುವುಮುರುವಾದರೆ ದೋಷದ ಮಾತು ಫೈಲಿಗೆ ಹೋಗುವುದಿಲ್ಲ. ಬ್ಯಾಶ್‌ನ &>> ಎಂಬ ಚುಟುಕು ರೂಪವನ್ನು ಕ್ರಾನ್‌ನಲ್ಲಿ ಬಳಸಬೇಡಿ. ಉಬುಂಟು, ಡೆಬಿಯನ್‌ಗಳಲ್ಲಿ ಅಲ್ಲಿ ಓಡುವುದು ಡ್ಯಾಶ್. ಅದು ಮೊದಲ ಚಿಹ್ನೆಯನ್ನು 'ಹಿನ್ನೆಲೆಯಲ್ಲಿ ಓಡಿಸು' ಎಂದು ಓದಿ, ಫೈಲಿಗೆ ಏನನ್ನೂ ಬರೆಯುವುದಿಲ್ಲ. ಶೇಕಡಾ ಚಿಹ್ನೆ ಕ್ರಾನ್‌ನ ಸಾಲಿನಲ್ಲಿ ಹೊಸ ಸಾಲೆಂದು ಅರ್ಥ. 'ಡೇಟ್ +%ಎಫ್' ಅಲ್ಲಿ ಬರೆದರೆ ಕಮಾಂಡ್ ಅರ್ಧಕ್ಕೆ ಕತ್ತರಿಸಿಹೋಗುತ್ತದೆ, \% ಎಂದು ಬರೆಯಬೇಕು. ಸ್ಕ್ರಿಪ್ಟ್ ಒಳಗೆ ಬರೆದರೆ ಈ ರಗಳೆ ಇಲ್ಲ.

ಇಬ್ಬರು ಏಕಕಾಲಕ್ಕೆ ಒಂದೇ ಫೈಲಿಗೆ ಸೇರಿಸಿದರೆ ಏನಾಗುತ್ತದೆ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಒಂದೇ ಕಂಪ್ಯೂಟರಿನ ಡಿಸ್ಕ್ ಆದರೆ, ಇಬ್ಬರೂ ಜೋಡಿ ಬಾಣ ಬಳಸಿದರೆ, ಒಬ್ಬರ ಸಾಲಿನ ಮೇಲೆ ಇನ್ನೊಬ್ಬರದು ಬೀಳುವುದಿಲ್ಲ. ಪ್ರತಿ ಸಲ ಬರೆಯುವಾಗಲೂ ಕೊನೆಯನ್ನು ಹುಡುಕಿ ಬರೆಯುವುದನ್ನು ಲಿನಕ್ಸಿನ ತಿರುಳಾದ ಕರ್ನೆಲ್ ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಒಬ್ಬರು ಒಂಟಿ ಬಾಣದಿಂದ ಶುರು ಮಾಡಿದ ಪ್ರೋಗ್ರಾಂ ಓಡುತ್ತಲೇ ಇದ್ದರೆ ಆ ಭರವಸೆ ಇಲ್ಲ, ಅದು ತಾನು ನಿಲ್ಲಿಸಿದ ಜಾಗದಿಂದಲೇ ಬರೆಯುತ್ತಾ ಇನ್ನೊಬ್ಬರ ಸಾಲನ್ನು ಅಳಿಸಬಹುದು. ನೆಟ್‌ವರ್ಕ್ ಮೇಲೆ ಎನ್‌ಎಫ್‌ಎಸ್ ಮೂಲಕ ಹಂಚಿಕೊಂಡ ಫೋಲ್ಡರ್‌ನಲ್ಲಂತೂ ಜೋಡಿ ಬಾಣಕ್ಕೂ ಭರವಸೆ ಇಲ್ಲ. ಅಲ್ಲಿ ಒಬ್ಬೊಬ್ಬರು ಒಂದೊಂದು ಫೈಲಿಗೆ ಬರೆದು, ಸಂಜೆ ಕ್ಯಾಟ್ ಹಾಕಿ ಕೂಡಿಸುವುದು ಒಳ್ಳೆಯದು. ಇನ್ನು, ನೀವು ಸೇರಿಸುವಾಗ ಯಾರೋ ಅದೇ ಫೈಲನ್ನು ಎಡಿಟರ್‌ನಲ್ಲಿ ತೆರೆದಿಟ್ಟು ಆಮೇಲೆ ಸೇವ್ ಮಾಡಿದರೆ ನಿಮ್ಮ ಸಾಲು ಹೋಯಿತೆಂದೇ. ಕೆಲವು ಎಡಿಟರ್‌ಗಳು 'ಫೈಲು ಬದಲಾಗಿದೆ' ಎಂದು ಎಚ್ಚರಿಸುತ್ತವೆ, ಜನ ಓದದೆ ಸರಿ ಒತ್ತುತ್ತಾರೆ.

ಇನ್ನೊಂದು ಚೀಟಿ ವಿಂಡೋಸ್ ಬಗ್ಗೆ. ಹಳೆಯ ಸಿಎಂಡಿ ಕಿಟಕಿಯಲ್ಲಿ ಎಕೋ ಉದ್ಧರಣ ಚಿಹ್ನೆಗಳನ್ನೂ, ಬಾಣದ ಮುಂದಿನ ಸ್ಪೇಸನ್ನೂ ಸೇರಿಸಿಯೇ ಬರೆಯುತ್ತದೆ. ವಿಂಡೋಸಿನೊಂದಿಗೇ ಬರುವ ಪವರ್‌ಶೆಲ್ 5.1ರಲ್ಲಿ ತೊಂದರೆ ದೊಡ್ಡದು. ಅಲ್ಲಿ ಜೋಡಿ ಬಾಣ ಬರೆಯುವುದು ಯುಟಿಎಫ್-16ರಲ್ಲಿ, ಫೈಲಿನಲ್ಲಿ ಮೊದಲು ಏನಿತ್ತೆಂದು ನೋಡುವುದಿಲ್ಲ. ಯುಟಿಎಫ್-8ರ ದರಪಟ್ಟಿಗೆ ಸೇರಿಸಿದರೆ ಮೇಲಿನ ಅರ್ಧ ಒಂದು ಬಗೆ, ಕೆಳಗಿನ ಅರ್ಧ ಇನ್ನೊಂದು ಬಗೆ. ಯಾವ ಎಡಿಟರ್‌ನಲ್ಲಿ ತೆರೆದರೂ ಒಂದು ಅರ್ಧ ಕಲಸುಮೇಲೋಗರ. ಅಲ್ಲಿ 'ಆ್ಯಡ್-ಕಂಟೆಂಟ್ -ಎನ್‌ಕೋಡಿಂಗ್ ಯುಟಿಎಫ್8' ಬಳಸಿ. ಪವರ್‌ಶೆಲ್ 7 ಹಾಕಿಕೊಂಡರೆ ಜೋಡಿ ಬಾಣವೇ ಯುಟಿಎಫ್-8ರಲ್ಲಿ ಬರೆಯುತ್ತದೆ.

ಕೊನೆಗೆ ಮಳೆಗಾಲದ ಕರೆಂಟ್. ಸೇರಿಸಿದ ಸಾಲು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ, ಮೆಮೊರಿಯಲ್ಲಿ ಕಾಯುತ್ತದೆ. ಲಿನಕ್ಸಿನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 30 ಸೆಕೆಂಡ್ ಹಳೆಯದಾದ ಮೇಲೆ ಬರೆಯುವ ಸರದಿ. ಯುಪಿಎಸ್ ಇಲ್ಲದ ಯಂತ್ರದಲ್ಲಿ ಆ ನಡುವೆ ಕರೆಂಟ್ ಹೋದರೆ, ಕ್ಯಾಟ್ ಹಾಕಿ ಕಣ್ಣಾರೆ ನೋಡಿದ್ದ ಸಾಲೂ ಇರುವುದಿಲ್ಲ. ಮುಖ್ಯವಾದ ಫೈಲಿಗೆ ಸೇರಿಸಿದ ಕೂಡಲೇ 'ಸಿಂಕ್ ಮಳೆ-ಲೆಕ್ಕ' ಎಂದು ಒಂದು ಸಾಲು ಹಾಕಿ. ಅದು ಆ ಫೈಲನ್ನು ಡಿಸ್ಕಿಗೆ ಇಳಿಸಿದ ಮೇಲೆಯೇ ಪ್ರಾಂಪ್ಟ್ ಮರಳಿ ಕೊಡುತ್ತದೆ.